ಇಲಿಯ ಚಿತ್ರಕ್ಕೆ ಮಗು ‘ಎಲಿ’ ಎಂದರೆ: ಪುಟಾಣಿಗಳಿಗೆ ಚಿತ್ರದ ಮೂಲಕ ಕನ್ನಡ ಅಕ್ಷರ

ಅಂಗಡಿಯಲ್ಲಿ ಸಿಗುವ ಕನ್ನಡ ಅಕ್ಷರಮಾಲೆಯ ಚಾರ್ಟನ್ನು ಕಾಸರಗೋಡಿನ ಅಂಗನವಾಡಿಯೊಂದರ ಗೋಡೆಗೆ ಅಂಟಿಸಿ ನೋಡಿ. ‘ಇ’ ಪಕ್ಕದಲ್ಲಿ ಇಲಿ ಇರುತ್ತದೆ, ‘ಎ’ ಪಕ್ಕದಲ್ಲಿ ಎಲೆ ಇರುತ್ತದೆ. ಮನೆಯಲ್ಲಿ ತುಳು ಮಾತನಾಡುವ ಮಗು ಇಲಿಯನ್ನು ಕಂಡು ‘ಎಲಿ’ ಎನ್ನುತ್ತದೆ, ಎಲೆಯನ್ನು ಕಂಡು ‘ಇರೆ’ ಎನ್ನುತ್ತದೆ. ಮಲಯಾಳದ ಮನೆಯಿಂದ ಬಂದ ಮಗುವಿಗೂ ಅದು ‘ಎಲಿ’, ಇದು ‘ಇಲ’. ಕೊಂಕಣಿ ಅಥವಾ ಮರಾಠಿ ಮಾತನಾಡುವ ಮಗು ‘ಉಂದೀರ್’ ಎಂದರೆ ಇಲಿ ‘ಉ’ ಹತ್ತಿರ ಹೋಗಬೇಕಾಗುತ್ತದೆ. ಮುಂದೆ ‘ಈ’ಗೆ ಈರುಳ್ಳಿ. ನಮ್ಮ ಕಡೆ ಕನ್ನಡ ಮಾತನಾಡುವ ಮನೆಯಲ್ಲೂ ಅದು ನೀರುಳ್ಳಿ. ‘ಆ’ಗೆ ಆಮೆ ಇದ್ದರೆ ತುಳು ಮಗು ‘ಏಮೆ’ ಎನ್ನುತ್ತದೆ. ಒಂದೇ ಚಾರ್ಟಿನಲ್ಲಿ ಇಷ್ಟೊಂದು ಕಡೆ ಚಿತ್ರ ಒಂದು ದಾರಿಗೆ, ಅಕ್ಷರ ಇನ್ನೊಂದು ದಾರಿಗೆ ಎಳೆಯುತ್ತದೆ. ಮಗು ಗೊಂದಲಕ್ಕೆ ಬಿದ್ದರೆ ‘ಮಗುವಿಗೆ ಕನ್ನಡ ಹತ್ತುವುದಿಲ್ಲ’ ಎಂದು ನಾವೇ ತೀರ್ಪು ಕೊಡುತ್ತೇವೆ.

ಸಪ್ತಭಾಷೆಗಳ ನೆಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿ ಅಕ್ಷರ ಕಲಿಸುವವರು ಮೊದಲು ಮಗುವಿನ ಬಾಯಲ್ಲಿ ಬರುವ ಹೆಸರನ್ನು ಕೇಳಿಸಿಕೊಳ್ಳಬೇಕು, ಆಮೇಲೆ ಮಗುವಿನ ಕೈಯಿಂದಲೇ ಚಿತ್ರ ಬರೆಸಬೇಕು, ಕೊನೆಗೆ ಆ ಚಿತ್ರದ ಗೆರೆಗಳಿಂದ ಅಕ್ಷರವನ್ನು ಹೊರಗೆ ತೆಗೆಯಬೇಕು. ಈ ಕ್ರಮ ಬದಲಾಗಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಮಂಜೇಶ್ವರದಿಂದ ಅಡೂರಿನವರೆಗೆ ಕನ್ನಡ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ನಡೆಸುವ ಟೀಚರುಗಳನ್ನೂ ಮನೆಯಲ್ಲಿ ಕನ್ನಡ ಉಳಿಯಲಿ ಎಂದು ಆಸೆಪಡುವ ತಂದೆ ತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಕ್ಷರಕ್ಕೆ ಮೊದಲು ಗೆರೆ

ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ವೃತ್ತವನ್ನು ನೋಡಿ ಬರೆಯುತ್ತದೆ. ನಾಲ್ಕರ ಸುಮಾರಿಗೆ ಕೂಡಿಸುವ ಚಿಹ್ನೆಯಂತೆ ಅಡ್ಡ ಉದ್ದ ಗೆರೆ ಹಾಕುತ್ತದೆ. ನಾಲ್ಕೂವರೆ ದಾಟಿದ ಮೇಲೆ ಚೌಕ, ಐದರ ಹತ್ತಿರ ತ್ರಿಕೋನ. ಇದರಲ್ಲಿ ನಮಗೊಂದು ಅನುಕೂಲವಿದೆ. ಕನ್ನಡದ ಅಕ್ಷರಗಳು ಬಹುಪಾಲು ಬಾಗುಗೆರೆಯವು, ಮೂಲೆ ತಿರುಗುವ ಕಷ್ಟ ಅವುಗಳಲ್ಲಿ ಕಡಿಮೆ. ಆದರೆ ನಡುವೆ ನಿಲ್ಲುವುದು, ಒಳಗೆ ಸುತ್ತುವುದು, ಬಂದ ದಿಕ್ಕಿಗೆ ಮತ್ತೆ ಹೊರಳುವುದು ಪುಟ್ಟ ಕೈಗೆ ಸುಲಭವಲ್ಲ. ಆದ್ದರಿಂದ ಜೂನ್ ತಿಂಗಳಿಡೀ ಅಕ್ಷರದ ಹೆಸರೆತ್ತದೆ ಗೆರೆ ಬರೆಸಿ.

ಗೆರೆಗೆ ಕಾರಣ ಇರಬೇಕು. ಶಾಲೆ ತೆರೆಯುವಾಗ ಹೊರಗೆ ಮಳೆ ಸುರಿಯುತ್ತಿರುತ್ತದೆ, ಮಳೆಯನ್ನೇ ಬರೆಸಿ: ಮೇಲಿನಿಂದ ಕೆಳಗೆ ಇಳಿಯುವ ಗೆರೆಗಳು. ಮುಂದೆ ಸಮುದ್ರದ ತೆರೆ: ಎಡದಿಂದ ಬಲಕ್ಕೆ ಕೈ ಎತ್ತದೆ ಏರಿಳಿಯುವ ಗೆರೆ. ಬಸವನಹುಳು ಬರೆಸಿದರೆ ಸುರುಳಿ ಬರುತ್ತದೆ. ಅದನ್ನು ಹೊರಗಿನಿಂದ ಒಳಗೂ ಒಳಗಿನಿಂದ ಹೊರಗೂ ಬರೆಸಬೇಕು, ಎರಡೂ ದಿಕ್ಕು ಕೈಗೆ ಪಳಗಬೇಕು. ನೀರಿಗಾಗಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಸುರಂಗದ ಬಾಯಿ ಬರೆಯಿರಿ ಎಂದರೆ ಮಕ್ಕಳು ಕಮಾನು ಬರೆಯುತ್ತಾರೆ. ಆಕಾಶದಲ್ಲಿ ಹಾರುವ ಹಕ್ಕಿಗಳನ್ನು ಮಕ್ಕಳು ಪುಟ್ಟ ಕೊಕ್ಕೆಗಳಂತೆ ಬರೆಯುತ್ತಾರಲ್ಲ, ಅದು ತಲೆಕಟ್ಟಿನ ಅಭ್ಯಾಸ. ಹಕ್ಕಿಗಳ ಹಿಂಡನ್ನೇ ಬರೆಸಿ, ಒಂದು ಹಾಳೆ ತುಂಬ. ಕನ್ನಡ ವ್ಯಂಜನಗಳಲ್ಲಿ ಹೆಚ್ಚಿನವಕ್ಕೆ ಆ ಹಕ್ಕಿ ಬೇಕೇ ಬೇಕು.

ಮೊದಲ ವಾರಗಳಲ್ಲಿ ಕುಳಿತು ಬರೆಯುವುದು ಬೇಡ. ಗೋಡೆಗೆ ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನನ್ನು ಅಂಟಿಸಿ, ಮಗು ನಿಂತು ಭುಜದಿಂದ ತೋಳು ಬೀಸಿ ಬರೆಯಲಿ. ಭುಜ ಪಳಗಿದ ಮೇಲೆ ಮಣಿಕಟ್ಟು, ಮಣಿಕಟ್ಟು ಪಳಗಿದ ಮೇಲೆ ಬೆರಳು. ಮುಷ್ಟಿ ಕಟ್ಟಿ ಹಿಡಿಯುವ ಮಗುವಿಗೆ ‘ಸರಿಯಾಗಿ ಹಿಡಿ’ ಎಂದು ನೂರು ಸಲ ಹೇಳುವ ಬದಲು ಕ್ರೆಯಾನನ್ನೋ ಸೀಮೆಸುಣ್ಣವನ್ನೋ ಹೆಬ್ಬೆರಳಿನ ಅರ್ಧ ಉದ್ದಕ್ಕೆ ಮುರಿದು ಕೊಡಿ. ತುಂಡು ಚಿಕ್ಕದಾದರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳು ತಾವಾಗಿಯೇ ಮುಂದೆ ಬರುತ್ತವೆ. ಹೊಸ ಕ್ರೆಯಾನ್ ಪೆಟ್ಟಿಗೆ ತಂದ ತಾಯಿಗೆ ಬೇಸರವಾಗಬಹುದು. ಕಾರಣ ಹೇಳಿದರೆ ಒಪ್ಪುತ್ತಾರೆ.

ಚಿತ್ರವನ್ನು ಕಿವಿಯಿಂದ ಆರಿಸಿ

ಯಾವ ಅಕ್ಷರಕ್ಕೆ ಯಾವ ಚಿತ್ರ ಎಂಬುದನ್ನು ನಿಮ್ಮ ತರಗತಿಯ ಮಕ್ಕಳೇ ನಿರ್ಧರಿಸಬೇಕು. ಮಾಡುವ ಕೆಲಸ ಇಷ್ಟು: ಒಂದಷ್ಟು ಸರಳ ಚಿತ್ರಗಳನ್ನು ನೀವೇ ಬರೆದಿಟ್ಟುಕೊಳ್ಳಿ. ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಹತ್ತಿರ ಕೂರಿಸಿಕೊಂಡು ‘ಇದೇನು?’ ಎಂದು ಕೇಳಿ. ಬಾಯಿಂದ ಮೊದಲು ಬಂದ ಪದವನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಗುಂಪಿನಲ್ಲಿ ಕೇಳಿದರೆ ಮುಂದಿನ ಸಾಲಿನವರು ಹೇಳಿದ್ದನ್ನೇ ಉಳಿದವರು ಕೂಗುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ.

ಹೀಗೆ ಕೇಳುತ್ತಾ ಹೋದರೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಒಂದೇ ಸ್ವರದಿಂದ ಶುರುವಾಗುವ ಪದಗಳ ಗಂಟೇ ಸಿಗುತ್ತದೆ. ‘ಆ’ಗೆ ಆನೆ, ತಕರಾರೇ ಇಲ್ಲ. ‘ಉ’ಗೆ ಉಪ್ಪು. ‘ಎ’ಗೆ ಎಣ್ಣೆ. ‘ಏ’ಗೆ ಏಣಿ. ‘ಓ’ಗೆ ತೆಂಗಿನ ಓಲೆ. ‘ಊ’ಗೆ ಊರು. ಅಕ್ಕಿಗೆ ತುಳುವಿನಲ್ಲೂ ಮಲಯಾಳದಲ್ಲೂ ಅರಿ ಎನ್ನುತ್ತಾರೆ, ಆದರೆ ಮೊದಲ ಅಕ್ಷರ ‘ಅ’ ಆಗಿಯೇ ಉಳಿಯುವುದರಿಂದ ಅಕ್ಕಿಯೂ ನಡೆಯುತ್ತದೆ. ‘ಒ’ಗೆ ಒಂದು ಬೆರಳು: ಒಂದು, ಒಂಜಿ, ಒನ್ನ್, ಹೇಗೆ ಹೇಳಿದರೂ ಒ. ಇಲಿಯ ಜಾಗಕ್ಕೆ ಇಡ್ಲಿ, ಯಾವ ಮನೆಯ ಮಗುವೂ ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ‘ಐ’ಗೆ ಐಸ್. ವ್ಯಂಜನಗಳಲ್ಲಿ ಮರ, ಕಲ್ಲು, ಕಣ್ಣು, ಮೀನು ಮೂರೂ ಭಾಷೆಗೆ ಹೊಂದುತ್ತವೆ. ಬಸ್, ರಬ್ಬರ್, ಲಾರಿ, ಟಾರ್ಚ್, ಜೀಪು ಇವು ಕೊಂಕಣಿ, ಮರಾಠಿ, ಉರ್ದು ಮಾತನಾಡುವ ಮಕ್ಕಳಿಗೂ ಸರಿ. ‘ಈ’ಗೆ ಮಾತ್ರ ನನಗೆ ಎಲ್ಲ ಮಕ್ಕಳಿಗೂ ಒಪ್ಪುವ ಪದ ಸಿಕ್ಕಿಲ್ಲ. ಕೆರೆಯಲ್ಲಿ ಈಜುವ ಹುಡುಗನ ಚಿತ್ರ ಬರೆಸಿ, ಈಜು ಎಂಬ ಪದವನ್ನು ಹೊಸದಾಗಿ ಕಲಿಸುತ್ತೇನೆ. ‘ಋ’ವನ್ನು ಈ ವಯಸ್ಸಿನಲ್ಲಿ ಮುಟ್ಟುವುದೇ ಬೇಡ.

ಚಿತ್ರ ಬರೆಯಲೂ ಇವು ಒಳ್ಳೆಯವು. ಉಪ್ಪು ಎಂದರೆ ಬಟ್ಟಲು ತುಂಬ ಚುಕ್ಕೆ, ಚುಕ್ಕೆ ಹಾಕುವುದೆಂದರೆ ಮಕ್ಕಳಿಗೆ ಸಂಭ್ರಮ. ಏಣಿಯೆಂದರೆ ಎರಡು ಉದ್ದ ಗೆರೆ, ನಡುವೆ ಅಡ್ಡಗೆರೆಗಳು. ಕೆಲವರು ಏಣಿಯನ್ನು ಹಾಳೆಯ ಆಚೆ ಮೇಜಿನವರೆಗೂ ಏರಿಸಿಬಿಡುತ್ತಾರೆ. ಏರಿಸಲಿ.

‘ಹ’ ಅಕ್ಷರದ ವಿಷಯದಲ್ಲಿ ಒಂದು ಮಾತು. ಹಾಲು ಮಲಯಾಳದಲ್ಲಿ ಪಾಲ್, ತುಳುವಿನಲ್ಲಿ ಪೇರ್. ಕನ್ನಡದಲ್ಲಿ ‘ಹ’ದಿಂದ ಶುರುವಾಗುವ ಎಷ್ಟೋ ದಿನಬಳಕೆಯ ಪದಗಳು ಸುತ್ತಲಿನ ಭಾಷೆಗಳಲ್ಲಿ ‘ಪ’ದಿಂದ ಶುರುವಾಗುತ್ತವೆ. ಹಾಗಾಗಿ ‘ಪ’ವನ್ನು ಮೊದಲು ಗಟ್ಟಿಮಾಡಿ, ಮಕ್ಕಳ ಕಿವಿ ಕನ್ನಡಕ್ಕೆ ಸ್ವಲ್ಪ ಒಗ್ಗಿದ ಮೇಲೆ ‘ಹ’ಕ್ಕೆ ಬನ್ನಿ.

ಮಗು ಇಲಿಯನ್ನು ‘ಎಲಿ’ ಎಂದಾಗ ಅದು ತಪ್ಪು ಎನ್ನಬೇಡಿ. ‘ಹೌದು ಪುಟ್ಟ, ಎಲಿ. ಕನ್ನಡದಲ್ಲಿ ಇಲಿ’ ಎಂದು ಎರಡನ್ನೂ ಹೇಳಿ ಮುಂದೆ ಸಾಗಿ. ಜನವರಿಯ ಹೊತ್ತಿಗೆ ಇದೇ ಇಲಿ ಒಳ್ಳೆಯ ಆಟವಾಗುತ್ತದೆ. ‘ತುಳುವಿನಲ್ಲಿ ಹೇಳಿದರೆ ಇಲಿಯನ್ನು ಯಾವ ಅಕ್ಷರದ ಮನೆಗೆ ಕಳಿಸಬೇಕು? ಕನ್ನಡದಲ್ಲಿ ಹೇಳಿದರೆ?’ ಎಂದು ಕೇಳಿ ನೋಡಿ. ಎರಡು ಮೂರು ಭಾಷೆ ಬಲ್ಲ ಮಕ್ಕಳು ಇದನ್ನು ಆಡುವ ಚುರುಕು ನೋಡಿದರೆ ಆನಂದವಾಗುತ್ತದೆ.

‘ಗ’ ಪಾಠ, ಮೊದಲಿನಿಂದ ಕೊನೆಯವರೆಗೆ

ಒಂದು ಅಕ್ಷರವನ್ನು ಪೂರ್ತಿ ತೋರಿಸುತ್ತೇನೆ, ಉಳಿದವನ್ನು ನೀವು ಇದೇ ದಾರಿಯಲ್ಲಿ ಹೊಂದಿಸಿಕೊಳ್ಳಬಹುದು.

ಮೊದಲ ದಿನ ಶಾಲೆಯ ಗಂಟೆಯನ್ನು ಹತ್ತಿರದಿಂದ ತೋರಿಸಿ. ಒಬ್ಬೊಬ್ಬರೂ ಒಂದು ಪೆಟ್ಟು ಹೊಡೆಯಲಿ, ಕೈಯಿಟ್ಟು ಅದರ ನಡುಕ ಮುಟ್ಟಿ ನೋಡಲಿ. ‘ಗಂಟೆ’ ಎಂಬ ಪದವನ್ನು ಎಲ್ಲರೂ ಹೇಳಲಿ. ಮಲಯಾಳದ ಮಗು ‘ಮಣಿ’ ಎನ್ನಬಹುದು. ಶಾಲೆಗೆ ಬಂದ ದಿನದಿಂದ ‘ಗಂಟೆ ಹೊಡೆಯಿತು’ ಎಂಬುದನ್ನು ಕೇಳುತ್ತಲೇ ಇರುವುದರಿಂದ ಗಂಟೆಯನ್ನು ಬೇಗ ಒಪ್ಪಿಕೊಳ್ಳುತ್ತದೆ. ತರಗತಿಯಲ್ಲಿ ತಟ್ಟೆಯಂಥ ಕಂಚಿನ ಜಾಗಟೆ ಇದ್ದರೆ ಈ ಪಾಠಕ್ಕೆ ಆಗದು, ಬಾಯಿ ಕೆಳಗಾದ ಪೂಜೆಯ ಗಂಟೆಯನ್ನು ತನ್ನಿ. ಆಮೇಲೆ ಮಕ್ಕಳು ಗಂಟೆಯನ್ನು ತಮಗೆ ಕಂಡಂತೆ ಬರೆಯಲಿ. ನೀವು ಹಲಗೆಯ ಮೇಲೆ ಏನನ್ನೂ ಬರೆಯಬೇಡಿ. ಬರೆದರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ.

ಎರಡನೆಯ ದಿನ ನೀವು ಕಪ್ಪು ಹಲಗೆಯ ತುಂಬ ದೊಡ್ಡ ಗಂಟೆ ಬರೆಯಿರಿ. ಎಡಗಡೆ ಕೆಳಗಿನಿಂದ ಹೊರಟು ಮೇಲೇರಿ ಬಾಗಿ ಬಲಗಡೆ ಕೆಳಗಿಳಿಯುವ ಕಮಾನು, ನೆತ್ತಿಯ ಮೇಲೆ ತೂಗುಹಾಕುವ ಕೊಕ್ಕೆ, ಕೆಳಗೆ ಬಾಯಿಯ ಅಡ್ಡಗೆರೆ, ಒಳಗೆ ನಾಲಗೆ. ಕಮಾನನ್ನೂ ಕೊಕ್ಕೆಯನ್ನೂ ಕೆಂಪು ಸೀಮೆಸುಣ್ಣದಿಂದ ದಪ್ಪ ಮಾಡಿ, ಉಳಿದದ್ದು ಬಿಳಿಯಾಗಿರಲಿ. ಈಗ ಒಂದು ಮಗುವನ್ನು ಕರೆದು ಒದ್ದೆ ಬಟ್ಟೆಯಿಂದ ನಾಲಗೆಯನ್ನು ಒರೆಸಲು ಹೇಳಿ. ಇನ್ನೊಬ್ಬರನ್ನು ಕರೆದು ಬಾಯಿಯ ಗೆರೆಯನ್ನು ಒರೆಸಲು ಹೇಳಿ. ಹಲಗೆಯ ಮೇಲೆ ಉಳಿಯುವುದು ‘ಗ’. ಒರೆಸುವ ಕೆಲಸ ಮಕ್ಕಳದ್ದೇ ಆಗಿರಬೇಕು, ಅಕ್ಷರವನ್ನು ತಾವೇ ಹುಡುಕಿ ತೆಗೆದೆವು ಎಂದು ಅವರಿಗೆ ಅನ್ನಿಸಬೇಕು. ಆಗ ಬೆರಳಿನಿಂದ ಅದೇ ಗೆರೆಯ ಮೇಲೆ ಓಡಿಸಿ, ಬಾಯಲ್ಲಿ ‘ಗ’ ಎನ್ನಿಸಿ. ಕಮಾನು ಹೊರಡುವ ಜಾಗದಲ್ಲಿ ಒಂದು ಹಸಿರು ಚುಕ್ಕೆ ಇಟ್ಟರೆ ಎಲ್ಲಿಂದ ಶುರು ಎಂಬ ಗೊಂದಲ ಇರುವುದಿಲ್ಲ.

ಮೂರನೆಯ ದಿನ ದಾರಿಯನ್ನು ತಿರುಗಿಸಿ. ಪ್ರತಿ ಮಗುವಿಗೂ ಹಾಳೆ ತುಂಬುವಂತೆ ಬರೆದ ‘ಗ’ ಕೊಡಿ, ಅದರಿಂದ ಏನು ಬೇಕಾದರೂ ಮಾಡಲಿ. ಸುರಂಗ ಮಾಡುತ್ತಾರೆ, ಟೊಪ್ಪಿ ಹಾಕಿದ ಅಜ್ಜ ಮಾಡುತ್ತಾರೆ, ಕೋಳಿಗೂಡು ಮಾಡುತ್ತಾರೆ. ಒಬ್ಬಳು ಗಂಟೆಗೆ ಎರಡು ಕಣ್ಣು ಬರೆದು ‘ಇದು ನಿದ್ರೆ ಮಾಡುವ ಗಂಟೆ, ಹೊಡೆಯಬೇಡಿ’ ಎಂದಿದ್ದಳು. ಅದರ ಹಿಂದೆ ಅವಳ ಮಾತನ್ನು ಹಾಗೆಯೇ ಬರೆದಿಟ್ಟಿದ್ದೇನೆ. ಗೆರೆ ಯಾವ ರೂಪ ತಳೆದರೂ ಅದರ ಹೆಸರು ‘ಗ’ ಎಂಬುದನ್ನು ಕೊನೆಯಲ್ಲಿ ಎಲ್ಲರಿಂದಲೂ ಹೇಳಿಸಿ.

ನಾಲ್ಕನೆಯ ದಿನ ಹುಡುಕಾಟ. ಮದುವೆಯ ಕರೆಯೋಲೆ, ಕನ್ನಡ ಪತ್ರಿಕೆ, ಬಸ್ಸಿನ ಬೋರ್ಡು. ಮಂಗಳೂರು ಮತ್ತು ಕಾಸರಗೋಡಿನ ನಡುವೆ ಎರಡೂ ರಾಜ್ಯಗಳ ಬಸ್ಸುಗಳು ಓಡುವುದರಿಂದ ನಮ್ಮ ಮಕ್ಕಳ ಕಣ್ಣಿಗೆ ಎರಡು ಲಿಪಿಗಳೂ ಬೀಳುತ್ತವೆ. ಇಲ್ಲಿ ಎಚ್ಚರ ಬೇಕು. ಮಲಯಾಳದ ಗಡಸು ರಕಾರ ನೋಡಲು ತಲೆಕಟ್ಟಿಲ್ಲದ ನಮ್ಮ ‘ಗ’ದಂತೆಯೇ ಇದೆ. ಮಗು ಮಲಯಾಳದ ಬೋರ್ಡು ತೋರಿಸಿ ‘ಟೀಚರೇ, ಗ!’ ಎಂದರೆ ಅದರ ಕಣ್ಣು ಚುರುಕಾಗಿದೆ ಎಂದೇ ಅರ್ಥ. ‘ಗಂಟೆಯ ಕೊಕ್ಕೆ ಎಲ್ಲಿದೆ ಅಲ್ಲಿ?’ ಎಂದು ಕೇಳಿ. ಕೊಕ್ಕೆ ಇಲ್ಲ ಎಂದು ಮಗುವೇ ಕಂಡುಕೊಂಡರೆ ತಲೆಕಟ್ಟಿನ ಪಾಠ ಅಲ್ಲಿಗೇ ಮುಗಿಯುತ್ತದೆ.

ಅಕ್ಷರದ ಆಕಾರವೇ ಚಿತ್ರದೊಳಗೆ ಅಡಗಿರಬೇಕು ಎಂಬುದಕ್ಕೆ ಆಧಾರವಿದೆ. ಅಮೆರಿಕದ ಸಂಶೋಧಕಿ ಲಿನಿಯಾ ಎರಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರದ ಆಕಾರವನ್ನು ಒಳಗೊಂಡ ಚಿತ್ರಗಳಿಂದ ಕಲಿತ ಮಕ್ಕಳು ಆಕಾರಕ್ಕೆ ಸಂಬಂಧವಿಲ್ಲದ ಚಿತ್ರಗಳಿಂದ ಕಲಿತ ಮಕ್ಕಳಿಗಿಂತ ಅಕ್ಷರದ ಧ್ವನಿಯನ್ನು ಚೆನ್ನಾಗಿ ಕಲಿತಿದ್ದರು. ಅದು ಇಂಗ್ಲಿಷ್ ಅಕ್ಷರಗಳ ಮಾತು, ಆದರೆ ನಮ್ಮ ದುಂಡು ಅಕ್ಷರಗಳಿಗೂ ಒಪ್ಪುತ್ತದೆ. ‘ರ’ವನ್ನು ರಬ್ಬರ್ ಬ್ಯಾಂಡಿನಿಂದ ಮಾಡಿ: ಮೇಜಿನ ಮೇಲೆ ಗುಂಡಗೆ ಇಟ್ಟ ರಬ್ಬರ್ ಬ್ಯಾಂಡ್, ಅದರ ನೆತ್ತಿಗೆ ಒಂದು ಹಕ್ಕಿ. ರಬ್ಬರ್ ತೋಟಗಳ ನಡುವೆ ಬೆಳೆಯುವ ಮಕ್ಕಳಿಗೆ ಆ ಪದವನ್ನು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಎಲ್ಲ ಅಕ್ಷರಗಳಿಗೂ ಚಿತ್ರವನ್ನು ಬಲವಂತದಿಂದ ತುರುಕಬೇಡಿ. ‘ಯ’, ‘ಸ’, ‘ಳ’ ಇವಕ್ಕೆ ಹೊಂದುವ ಚಿತ್ರ ಹುಡುಕಲು ಹೋದರೆ ಅಕ್ಷರವೇ ಸೊಟ್ಟಗಾಗುತ್ತದೆ. ಅಂಥ ಕಡೆ ಚಿತ್ರ ಪಕ್ಕದಲ್ಲಿರಲಿ, ಅಕ್ಷರದ ಗೆರೆಗೆ ಒಂದು ಪುಟ್ಟ ಪ್ರಯಾಣದ ಕಥೆ ಕಟ್ಟಿ: ಇಳಿದೆವು, ತಿರುಗಿದೆವು, ಗುಡ್ಡ ಹತ್ತಿದೆವು.

ಯಾವ ಅಕ್ಷರ ಮೊದಲು

ಸ್ವರ, ಯೋಗವಾಹ, ವ್ಯಂಜನ ಎಲ್ಲ ಸೇರಿ 49 ಅಕ್ಷರಗಳು. ಬಾಯಿಪಾಠಕ್ಕೆ ಅ ಆ ಇ ಈ ಕ್ರಮವೇ ಚೆಂದ, ಹಾಡಿನಂತೆ ಹೇಳಿಸಿ. ಬರೆಸುವುದಕ್ಕೆ ಆ ಕ್ರಮ ಸಲ್ಲದು. ಮೊದಲ ದಿನವೇ ‘ಅ’, ‘ಆ’, ‘ಇ’ಗಳ ಒಳಸುತ್ತುಗಳಿಗೆ ಕೈ ಹಾಕಿದರೆ ಮಗು ಸೋಲುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಕರ್ನಾಟಕವಿಡೀ ಹರಡಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ‘ರ, ಗ, ಸ, ದ, ಅ’ ಎಂದು ಮೊದಲ ಗುಂಪು, ‘ಜ, ವ, ಮ, ಬ, ನ’ ಎಂದು ಎರಡನೆಯ ಗುಂಪು ಮಾಡಿದ್ದಾರೆ. ನಾವು ಕೇರಳದ ಪಠ್ಯಕ್ರಮದೊಳಗಿದ್ದರೂ ಈ ಕ್ರಮವನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಐದೇ ಅಕ್ಷರ ಬಂದೊಡನೆ ಸರ, ರಸ, ಅರಸ, ಅಗಸ, ದರದರ, ಗರಗರ ಎಂದು ಓದಲು ಪದ ಸಿಗುತ್ತವೆ. ಪದ ಸಿಕ್ಕಿತೆಂದರೆ ಚಿತ್ರ ಸಿಕ್ಕಿತು. ‘ಅರಸ’ ಎಂದು ಬರೆದು ಚಿತ್ರ ಬರೆಯಲು ಬಿಡಿ. ನಮ್ಮ ಕಡೆಯ ಮಕ್ಕಳು ಯಕ್ಷಗಾನದ ರಾಜವೇಷವನ್ನೇ ಬರೆಯುತ್ತಾರೆ, ಕಿರೀಟ ಇಡೀ ಹಾಳೆಯನ್ನು ನುಂಗಿ ಕಾಲಿಗೆ ಜಾಗ ಇರುವುದಿಲ್ಲ.

ಎರಡನೆಯ ಗುಂಪಿನಲ್ಲಿ ‘ವ’ ಬರೆಯಲು ಬಂದ ಮೇಲೆ ಅದಕ್ಕೊಂದು ಬಾಲ ಸುತ್ತಿಸಿ ‘ಮ’ ಮಾಡಿಸಿ. ‘ಮ’ ಬಂದ ದಿನವೇ ‘ಮರ’ ಬರೆಯಬಹುದು, ಮರ ಬರೆಯದ ಮಗುವನ್ನು ನಾನು ಕಂಡಿಲ್ಲ. ‘ರ’ದ ಹೊಟ್ಟೆಗೆ ಚುಕ್ಕೆ ಇಟ್ಟರೆ ‘ಠ’, ‘ದ’ದ ಅಡಿಗೆ ಗೀಟು ಹಾಕಿದರೆ ‘ಧ’ ಎಂಬ ಗುಟ್ಟನ್ನು ಮಾತ್ರ ಒಂದನೇ ತರಗತಿಗೆ ಉಳಿಸಿ. ಮಹಾಪ್ರಾಣದ ಪದಗಳು ತುಳು, ಮಲಯಾಳ ಮಾತನಾಡುವ ಪುಟ್ಟ ಮಕ್ಕಳ ಮನೆಮಾತಿನಲ್ಲಿ ವಿರಳ, ಕಿವಿಗೆ ಬೀಳದ ಅಕ್ಷರವನ್ನು ಕೈಗೆ ಕಲಿಸಿ ಲಾಭವಿಲ್ಲ.

ವಾರಕ್ಕೆ ಒಂದು ಅಕ್ಷರ ಸಾಕು. ದಿನಕ್ಕೆ 15 ರಿಂದ 20 ನಿಮಿಷ. ನಾಲ್ಕು ವರ್ಷದ ಮಗು ಅದಕ್ಕಿಂತ ಹೆಚ್ಚು ಹೊತ್ತು ಕುಳಿತರೆ ಅದು ನಿಮ್ಮ ಮುಲಾಜಿಗೆ.

ಬಣ್ಣ, ಹಲಗೆ, ಹೊಯಿಗೆ

ಇದಕ್ಕೆ ದುಡ್ಡು ಬೇಕಾಗಿಲ್ಲ. ಅಗಲವಾದ ತಟ್ಟೆಯಲ್ಲಿ ತೊಳೆದು ಒಣಗಿಸಿದ ಹೊಯಿಗೆ (ಮರಳು) ಹರಡಿದರೆ ಮಳೆಗಾಲದಲ್ಲೂ ಒಳಗೆ ಕುಳಿತು ಬೆರಳಿನಿಂದ ಬರೆಯಬಹುದು, ಅಲುಗಾಡಿಸಿದರೆ ಹಲಗೆ ಮತ್ತೆ ಖಾಲಿ. ವಿಜಯದಶಮಿಯಂದು ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಸಂಪ್ರದಾಯದಲ್ಲಿರುವ ಜಾಣತನವೂ ಇದೇ: ಬೆರಳಿಗೆ ಕಾಳಿನ ತಡೆ ಸಿಗುತ್ತದೆ, ಗೆರೆಯ ದಾರಿ ಚರ್ಮಕ್ಕೆ ನೆನಪಿರುತ್ತದೆ. ಒಣಗಿದ ಅಡಿಕೆ ಹಾಳೆಯ ಒಳಮೈ ನುಣುಪಾಗಿರುತ್ತದೆ, ಅದನ್ನು ಚೌಕಾಕಾರಕ್ಕೆ ಕತ್ತರಿಸಿ ಇದ್ದಿಲು ಕೊಟ್ಟರೆ ಒಳ್ಳೆಯ ಸ್ಲೇಟು. ಹಿಡಿಸೂಡಿಯ ಕಡ್ಡಿಯನ್ನು ಬಾಗಿಸಿ, ದಾರದಿಂದ ಕಟ್ಟಿ ‘ರ’ ಮಾಡಬಹುದು, ‘ಗ’ ಮಾಡಬಹುದು. ಕಡ್ಡಿಯ ಮೊನೆಯನ್ನು ಮೊದಲೇ ಕತ್ತರಿಸಿಡಿ.

ಬಣ್ಣಕ್ಕೆ ಹಿತ್ತಿಲಿಗೆ ಹೋಗಿ. ಸಾಗುವಾನಿಯ ಎಳೆಯ ಚಿಗುರನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬರುತ್ತದೆ. ಮೊದಲ ಸಲ ಕಂಡ ಮಗು ಕೈ ಗಾಯವಾಯಿತೇನೋ ಎಂದು ನೋಡಿಕೊಳ್ಳುತ್ತದೆ, ಆಮೇಲೆ ಬಿಡುವುದೇ ಇಲ್ಲ. ಚಿಗುರನ್ನು ನೇರವಾಗಿ ಕಾಗದದ ಮೇಲೆ ಉಜ್ಜಿಯೇ ಬರೆಯಬಹುದು. ಬಸಳೆಯ ಹಣ್ಣು ಹಿಂಡಿದರೆ ನೇರಳೆ, ಅರಸಿನದಿಂದ ಹಳದಿ, ಇದ್ದಿಲಿನಿಂದ ಕಪ್ಪು. ಕೆಂಪುಮಣ್ಣು ಕಲಸಿದರೆ ನಮ್ಮ ಗುಡ್ಡದ ಬಣ್ಣವೇ ಬರುತ್ತದೆ.

ಕಾಳು ಜೋಡಿಸಿ ಅಕ್ಷರ ಮಾಡಿಸುವವರು ಎರಡು ವಿಷಯ ನೆನಪಿಡಬೇಕು. ಗುಲಗಂಜಿಯನ್ನು ತರಗತಿಯೊಳಗೆ ತರಲೇಬೇಡಿ, ನೋಡಲು ಚೆಂದವಿದ್ದರೂ ಅದು ವಿಷ. ಸಿಪ್ಪೆ ತೆಗೆಯದ ಹಸಿ ಗೇರುಬೀಜದ ಎಣ್ಣೆ ಚರ್ಮ ಸುಡುತ್ತದೆ, ಅದೂ ಬೇಡ. ಹುಣಸೆಬೀಜದಂಥ ಸಣ್ಣ ಕಾಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುವ ವಯಸ್ಸಿನವರಿದ್ದರೆ ಗೆರಟೆಯ ಚೂರು, ದೊಡ್ಡ ಗುಂಡಿಗಳೇ ಇರಲಿ. ಗೆರಟೆಯ ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಕೊಡಿ.

ಮಗುವಿನ ಚಿತ್ರವನ್ನು ತಿದ್ದಬೇಡಿ

ಆನೆಗೆ ಆರು ಕಾಲು ಇದ್ದರೆ ಇರಲಿ. ಚಿತ್ರ ಮಗುವಿನದು, ಅಕ್ಷರ ಎಲ್ಲರದು. ಅಕ್ಷರದ ಗೆರೆಯನ್ನು ಮತ್ತೆ ತೋರಿಸಬಹುದು, ಚಿತ್ರದ ಮೇಲೆ ಮಾತ್ರ ಕೆಂಪು ಶಾಯಿ ಬೀಳಕೂಡದು. ‘ಚೆನ್ನಾಗಿದೆ’ ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ಬದಲು ‘ಇವರು ಎಲ್ಲಿಗೆ ಹೊರಟಿದ್ದಾರೆ?’ ಎಂದು ಕೇಳಿ, ಉತ್ತರವನ್ನು ಹಾಳೆಯ ಹಿಂದೆ ಮಗುವಿನ ಮಾತಿನಲ್ಲೇ ಬರೆಯಿರಿ. ತನ್ನ ಮಾತು ಅಕ್ಷರವಾಗುವುದನ್ನು ಮಗು ಕಣ್ಣಾರೆ ನೋಡಬೇಕು. ಅಕ್ಷರ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಬಣ್ಣ ತುಂಬಲೆಂದು ಅಚ್ಚುಹಾಕಿದ ಹಾಳೆಗಳನ್ನು ಬಹಳ ಶಾಲೆಗಳಲ್ಲಿ ಕೊಡುತ್ತಾರೆ. ಬೇರೆಯವರು ಬರೆದ ಗಿಳಿಗೆ ಹಸಿರು ತುಂಬುವುದರಿಂದ ಹೊತ್ತು ಹೋಗುತ್ತದೆ, ತರಗತಿ ಸದ್ದಿಲ್ಲದೆ ಇರುತ್ತದೆ. ಸ್ವಂತ ಗೆರೆ ಹುಟ್ಟುವುದಿಲ್ಲ. ಖಾಲಿ ಹಾಳೆಯನ್ನೇ ಕೊಡಿ.

ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಡಿ, ಸಾಲಿನ ಎಡ ತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಆರು ಏಳು ವರ್ಷದವರೆಗೂ ಸಹಜ, ಅದಕ್ಕಾಗಿ ಗಾಬರಿ ಬೀಳುವುದು ಬೇಡ.

ಮನೆಯವರಿಗೆ

ತಾಯಿಗೆ ಮಲಯಾಳ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ ಎಂಬ ಮನೆಗಳು ನಮ್ಮಲ್ಲಿ ಅನೇಕ. ಅಂಥವರು ಹಿಂಜರಿಯಬೇಕಾಗಿಲ್ಲ. ನಿಮ್ಮ ಪಾಲಿನ ಕೆಲಸ ಚಿತ್ರ ಬರೆಯಲು ಜಾಗ ಮತ್ತು ಹತ್ತು ನಿಮಿಷ ಕೊಡುವುದು, ಆ ವಾರದ ಅಕ್ಷರವನ್ನು ಮಗುವಿನಿಂದಲೇ ಹೇಳಿಸಿಕೊಳ್ಳುವುದು. ಮಗು ಕಲಿಸುವ ಜಾಗದಲ್ಲಿ ಕುಳಿತರೆ ಅಕ್ಷರ ಇನ್ನೂ ಗಟ್ಟಿಯಾಗುತ್ತದೆ. ಬೆಳಿಗ್ಗೆ ಕಾವಲಿಯ ಮೇಲೆ ದೋಸೆ ಹಿಟ್ಟನ್ನು ‘ರ’ ಆಕಾರಕ್ಕೆ ಹೊಯ್ದು ಕೊಡಿ, ತಿನ್ನುವ ಮೊದಲು ಹೆಸರು ಹೇಳಲಿ. ಅಪ್ಪ ಗಲ್ಫಿನಲ್ಲಿದ್ದರೆ ಮೊಬೈಲಿನಲ್ಲಿ ಚಿತ್ರವನ್ನು ಕಳುಹಿಸಿ, ರಾತ್ರಿ ಮಾತನಾಡುವಾಗ ಅವರು ‘ಇದೇನು ಬರೆದೆ? ಯಾವ ಅಕ್ಷರ?’ ಎಂದು ಕೇಳಲಿ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ: ಅಕ್ಷರವನ್ನು ನೂರು ಸಲ ಬರೆಸುವ ಶಿಕ್ಷೆ. ಹತ್ತನೆಯ ಸಾಲಿಗೆ ಬರುವಾಗ ಅಕ್ಷರ ಮೊದಲ ಸಾಲಿಗಿಂತ ಕೆಟ್ಟದಾಗಿರುತ್ತದೆ, ಕೈ ಅದನ್ನೇ ಕಲಿತುಬಿಡುತ್ತದೆ.

ಪೆನ್ಸಿಲ್ ಮತ್ತು ಪುಸ್ತಕ

ಪೆನ್ಸಿಲ್ ಯಾವಾಗ? ಮಗು ಹೊಯಿಗೆಯಲ್ಲಿ ಅಕ್ಷರವನ್ನು ನೋಡದೆ ಬರೆಯುತ್ತಿದೆ, ಗೆರೆ ಎಲ್ಲಿಂದ ಹೊರಡಬೇಕೆಂದು ಕೇಳುತ್ತಿಲ್ಲ, ತುಂಡು ಕ್ರೆಯಾನನ್ನು ಮೂರು ಬೆರಳಲ್ಲಿ ಹಿಡಿಯುತ್ತಿದೆ ಎಂದಾದರೆ ಕೊಡಬಹುದು. ಕೆಲವರಿಗೆ ಇದು ಓಣಂ ರಜೆಯ ಹೊತ್ತಿಗೇ ಆಗುತ್ತದೆ, ಕೆಲವರಿಗೆ ಮಾರ್ಚ್ ಬರಬೇಕು. ಇಬ್ಬರೂ ಒಂದನೇ ತರಗತಿಯಲ್ಲಿ ಒಟ್ಟಿಗೆ ಓದುತ್ತಾರೆ.

ಪುಸ್ತಕ ಕೊಳ್ಳುವಾಗ ನಾಲ್ಕು ಗೆರೆಯದ್ದನ್ನು ತರಬೇಡಿ. ಅದು ಇಂಗ್ಲಿಷ್ ಅಕ್ಷರಗಳ ಏರಿಳಿತಕ್ಕೆ ಮಾಡಿದ್ದು, ಕನ್ನಡದ ದುಂಡು ಅಕ್ಷರ ಅದರೊಳಗೆ ಉಸಿರುಗಟ್ಟುತ್ತದೆ. ದೊಡ್ಡ ಚೌಕದ ಪುಸ್ತಕ ತನ್ನಿ, ಒಂದು ಚೌಕಕ್ಕೆ ಒಂದು ಅಕ್ಷರ, ಪಕ್ಕದ ಚೌಕದಲ್ಲಿ ಅದರ ಚಿತ್ರ. ಹೆಸರು ಬರೆಯುವ ಆಸೆ ಮಕ್ಕಳಿಗೆ ಬೇಗ ಹುಟ್ಟುತ್ತದೆ. ಹೆಸರಿನಲ್ಲಿ ಒತ್ತಕ್ಷರ, ದೀರ್ಘ ಏನಿದ್ದರೂ ಸರಿ, ಇಡೀ ಹೆಸರನ್ನು ಒಂದು ಚಿತ್ರವೆಂದೇ ಭಾವಿಸಿ ತಮ್ಮ ಚಿತ್ರದ ಮೂಲೆಯಲ್ಲಿ ಬರೆದುಕೊಳ್ಳಲಿ. ಕಾಗುಣಿತದ ಲೆಕ್ಕ ಆಮೇಲೆ.

ಪ್ರತಿ ಮಗುವಿನ ಚಿತ್ರಗಳನ್ನು ದಿನಾಂಕ ಹಾಕಿ ಒಂದು ಕಡತದಲ್ಲಿ ಸೇರಿಸುತ್ತಾ ಹೋಗಿ. ಜೂನಿನಲ್ಲಿ ಬರೆದುಕೊಂಡ ಪದಗಳ ಪಟ್ಟಿಯನ್ನೂ ಅದರ ಮೊದಲ ಪುಟಕ್ಕೆ ಅಂಟಿಸಿ, ಮನೆಯಲ್ಲಿ ಯಾವ ಭಾಷೆ, ಯಾವ ಅಕ್ಷರ ಗಟ್ಟಿ, ಯಾವುದು ಇನ್ನೂ ಜಾರುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ವರ್ಷದ ಕೊನೆಯಲ್ಲಿ ಆ ಕಡತವನ್ನು ಒಂದನೇ ತರಗತಿಯ ಟೀಚರ ಕೈಗೆ ಕೊಡಿ, ಕೊಡುವಾಗ ಐದು ನಿಮಿಷ ಕುಳಿತು ಮಾತನಾಡಿ. ಇಲಿಯನ್ನು ‘ಎಲಿ’ ಎನ್ನುವ ಮಗು ಯಾವುದು ಎಂಬುದು ಅವರಿಗೆ ಮೊದಲ ದಿನವೇ ಗೊತ್ತಿರಬೇಕು.